ಶನಿವಾರದ ಜಗಲಿ: ಸಿನಿಮಾದ ತಪ್ಪು ಹುಡುಕಲು ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ನಮ್ಮ ಮನೆಯ ಜಗಲಿಯಲ್ಲಿ ತಿಂಗಳಿಗೆ ಎರಡು ಶನಿವಾರ ಹತ್ತು ಹನ್ನೆರಡು ಜನ ಸೇರಿ ಒಂದು ಸಿನಿಮಾ ನೋಡುತ್ತೇವೆ. ಆಮೇಲೆ ಅದರಲ್ಲಿ ತಪ್ಪಿದೆ ಎಂದು ಕೆಲವರು, ಇಲ್ಲವೇ ಇಲ್ಲ ಎಂದು ಕೆಲವರು ವಾದಕ್ಕೆ ಕೂರುತ್ತಾರೆ. ಸಿನಿಮಾ ಎರಡು ಗಂಟೆಯಾದರೆ ವಾದ ಮೂರು ಗಂಟೆ. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಪ್ರತಿ ಸಲವೂ ಚಹಾ ತಣ್ಣಗಾಗುವವರೆಗೆ ವಿವರಿಸುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಹಿಂದೆ ಮೂರು ವರ್ಷ ಒಂದು ಧಾರಾವಾಹಿಯಲ್ಲಿ ಸಹಾಯಕ ನಿರ್ದೇಶಕನಾಗಿದ್ದು ಕಂಟಿನ್ಯುಟಿ, ಅಂದರೆ ಒಂದು ಶಾಟಿನಲ್ಲಿದ್ದದ್ದು ಮುಂದಿನದರಲ್ಲೂ ಹಾಗೆಯೇ ಇರಲೆಂದು ಇಡುವ ಟಿಪ್ಪಣಿ, ಬರೆಯುತ್ತಿದ್ದವನು. ಕೆಲವು ಉತ್ತರಗಳು ಆರೋಪಿಯ ಕಡೆಗೆ ವಾಲಿದಂತೆ ಕಂಡರೆ ಕಾರಣ ಅದು.

ನೀವು ತಪ್ಪು ಎಂದು ಕರೆಯುವುದು ಯಾವುದನ್ನು?

ಮೂರು ಬಗೆಯನ್ನು ಬೆರೆಸಬಾರದು ಎನ್ನುವುದು ನಮ್ಮ ಮೊದಲ ಹಠ. ಒಂದು ಶಾಟಿನಲ್ಲಿ ತುಂಬಿದ್ದ ಲೋಟ ಮುಂದಿನ ಶಾಟಿನಲ್ಲಿ ಅರ್ಧವಾಗಿ, ಅದರ ಮುಂದಿನದರಲ್ಲಿ ಯಾರೂ ಮುಟ್ಟದೆ ಮತ್ತೆ ತುಂಬಿಕೊಂಡರೆ ಅದು ಕಂಟಿನ್ಯುಟಿ ತಪ್ಪು. 1985ರ ಕಥೆಯಲ್ಲಿ ಒಬ್ಬ ‘ನಾನು ಉಡುಪಿ ಜಿಲ್ಲೆಯವ’ ಎಂದರೆ ಅದು ಕಾಲದ ತಪ್ಪು. ಉಡುಪಿ ಜಿಲ್ಲೆ ಆದದ್ದು 1997ರ ಆಗಸ್ಟಿನಲ್ಲಿ. ಕೊಲೆಗಾರ ಯಾರೆಂದು ಮಧ್ಯಂತರಕ್ಕೆ ಮೊದಲೇ ತಿಳಿದಿದ್ದ ಪಾತ್ರ ಮಧ್ಯಂತರದ ನಂತರ ಅವನನ್ನೇ ಹುಡುಕಿಕೊಂಡು ಊರೂರು ಅಲೆದರೆ ಅದು ಕಥೆಯ ತೂತು. ಜನ ಮೂರಕ್ಕೂ ‘ಲಾಜಿಕ್ ಇಲ್ಲ’ ಎಂಬ ಒಂದೇ ಮುದ್ರೆ ಒತ್ತಿಬಿಡುತ್ತಾರೆ.

ಇದು ನಾವು ಕಂಡುಹಿಡಿದ ವಿಂಗಡಣೆಯೇನಲ್ಲ. ಸಂಸ್ಕೃತದ ಹಳೆಯ ಕಾವ್ಯಮೀಮಾಂಸಕ ದಂಡಿ ತನ್ನ ಕಾವ್ಯಾದರ್ಶದಲ್ಲಿ ಹತ್ತು ದೋಷಗಳನ್ನು ಎಣಿಸುತ್ತಾನೆ. ಹಿಂದೆ ಹೇಳಿದ್ದೂ ಮುಂದೆ ಹೇಳಿದ್ದೂ ಒಂದನ್ನೊಂದು ಹೊಡೆದುಹಾಕಿದರೆ ಅದಕ್ಕೆ ಅವನಿಟ್ಟ ಹೆಸರು ‘ವ್ಯರ್ಥ’. ದೇಶಕ್ಕೂ ಕಾಲಕ್ಕೂ ಒಪ್ಪದ ಮಾತು ‘ದೇಶಕಾಲವಿರೋಧಿ’. ಕಥೆಯ ತೂತು, ಕಾಲದ ತಪ್ಪು ಎರಡಕ್ಕೂ ಸಾವಿರ ವರ್ಷಕ್ಕೂ ಹಿಂದೆಯೇ ಹೆಸರಿತ್ತು. ನೀರಿನ ಲೋಟ ಮಾತ್ರ ಕ್ಯಾಮೆರಾ ಬಂದ ಮೇಲಿನ ಸಮಸ್ಯೆ.

ಶೂಟಿಂಗ್‌ನಲ್ಲಿ ನೂರು ಜನ ಇರುತ್ತಾರೆ. ಲೋಟ ಒಬ್ಬರಿಗೂ ಕಾಣಲಿಲ್ಲವೇ?

ಬಹುತೇಕ ಎಲ್ಲರೂ ಮೊದಲು ಕೇಳುವುದು ಇದನ್ನೇ. ಪರದೆಯ ಮೇಲೆ ಎರಡು ನಿಮಿಷ ನಡೆಯುವ ಊಟದ ದೃಶ್ಯವನ್ನು ಎರಡು ನಿಮಿಷದಲ್ಲಿ ತೆಗೆದಿರುವುದಿಲ್ಲ. ಮೊದಲು ಇಡೀ ಮೇಜು ಕಾಣುವಂತೆ ಒಂದು ಸಲ, ಆಮೇಲೆ ಮಗನ ಹೆಗಲ ಹಿಂದಿನಿಂದ ತಂದೆಯ ಮುಖ, ಲೈಟುಗಳನ್ನೆಲ್ಲ ಆಚೆ ಬದಿಗೆ ತಿರುಗಿಸಿ ತಂದೆಯ ಹೆಗಲ ಹಿಂದಿನಿಂದ ಮಗನ ಮುಖ, ಕೊನೆಗೆ ಕೈಯ ಕ್ಲೋಸಪ್. ಪ್ರತಿಯೊಂದಕ್ಕೂ ನಾಲ್ಕೈದು ಟೇಕ್. ನಡುವೆ ನಟನೊಬ್ಬನಿಗೆ ನಿಜವಾಗಿಯೂ ಬಾಯಾರುತ್ತದೆ. ಬೆಳಿಗ್ಗೆ ಹತ್ತಕ್ಕೆ ಶುರುವಾದ ಊಟ ಸಂಜೆ ಐದಕ್ಕೆ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಸಾರು ಕೆನೆಗಟ್ಟಿ, ಬಾಳೆಎಲೆ ಬಾಡಿರುತ್ತದೆ. ಬಾಡಿದ ಎಲೆಯನ್ನು ಬದಲಾಯಿಸುತ್ತಾರೆ. ಹೊಸ ಎಲೆಯಲ್ಲಿ ಉಪ್ಪಿನಕಾಯಿ ಎಲ್ಲಿತ್ತು? ಅದು ಕಂಟಿನ್ಯುಟಿ ಬರೆಯುವವನ ಪುಸ್ತಕದಲ್ಲಿ ಇರಬೇಕು.

ಪುಸ್ತಕದಲ್ಲಿ ಇದ್ದರೂ ತಪ್ಪಾಗುತ್ತದೆ. ನಾನೇ ಮಾಡಿದ ಒಂದನ್ನು ಹೇಳುತ್ತೇನೆ. ಧಾರಾವಾಹಿಯ ಅತ್ತೆ ಮೆಟ್ಟಿಲಿನಿಂದ ಬಿದ್ದು ಕೈಗೆ ಬ್ಯಾಂಡೇಜು ಕಟ್ಟಿಕೊಂಡಿದ್ದರು. ಆಸ್ಪತ್ರೆಯ ದೃಶ್ಯವನ್ನು ಮಂಗಳವಾರ ತೆಗೆದೆವು. ನಾನು ಕ್ಯಾಮೆರಾ ಪಕ್ಕ ನಿಂತು ‘ಎಡಗೈ ಬ್ಯಾಂಡೇಜು, ಮೊಣಕೈವರೆಗೆ’ ಎಂದು ಬರೆದೆ. ಅದು ನನ್ನ ಎಡ, ಅವರ ಬಲ. ಮನೆಯ ದೃಶ್ಯ ತೆಗೆದದ್ದು ಶುಕ್ರವಾರ, ಆ ದಿನ ನಾನು ರಜೆ. ಇನ್ನೊಬ್ಬ ಹುಡುಗ ನನ್ನ ಪುಸ್ತಕ ನೋಡಿ, ಬಹಳ ನಿಷ್ಠೆಯಿಂದ, ಅವರ ಎಡಗೈಗೆ ಕಟ್ಟಿಸಿದ. ಪ್ರಸಾರವಾದ ಮೇಲೆ ವೀಕ್ಷಕರು ಒಂದು ತೀರ್ಮಾನಕ್ಕೆ ಬಂದರು: ಅತ್ತೆಗೆ ಪೆಟ್ಟೇ ಆಗಿಲ್ಲ, ಸೊಸೆಯಿಂದ ಚಾಕರಿ ಮಾಡಿಸಿಕೊಳ್ಳಲು ನಾಟಕ ಆಡುತ್ತಿದ್ದಾಳೆ. ಕಥೆ ಬರೆಯುವವರಿಗೆ ಈ ಸುದ್ದಿ ಮುಟ್ಟಿತು. ಹದಿನೈದು ಕಂತಿನ ನಂತರ ಅತ್ತೆ ನಾಟಕ ಆಡುತ್ತಿದ್ದದ್ದು ‘ಬಯಲಾಯಿತು’. ನನ್ನ ತಪ್ಪು ಹೀಗೆ ಕಥೆಯ ತಿರುವು ಎಂಬ ಗೌರವ ಪಡೆಯಿತು. ಅಂದಿನಿಂದ ನಾನು ‘ನಟರ ಎಡ’ ಎಂದೇ ಬರೆದೆ, ಒಂದು ಫೋಟೋವನ್ನೂ ತೆಗೆದಿಟ್ಟೆ.

ಶೂಟಿಂಗ್‌ನಲ್ಲಿ ಆದದ್ದು ಆಯಿತು. ಎಡಿಟರ್ ಏಕೆ ಬಿಟ್ಟರು?

ಬಿಟ್ಟದ್ದಲ್ಲ, ಎಷ್ಟೋ ಸಲ ಬೇಕೆಂದೇ ಇಟ್ಟದ್ದು. ಲೋಟ ಸರಿಯಿರುವ ಟೇಕಿನಲ್ಲಿ ನಟಿಯ ಮುಖ ಸಪ್ಪೆ; ಮುಖ ಉರಿಯುತ್ತಿರುವ ಟೇಕಿನಲ್ಲಿ ಲೋಟ ತಪ್ಪು. ಯಾವುದನ್ನು ಇಡುತ್ತೀರಿ? ಅಮೆರಿಕದ ಎಡಿಟರ್ ವಾಲ್ಟರ್ ಮರ್ಚ್ ಒಂದು ಕಟ್ ಸರಿಯೇ ಎಂದು ನೋಡಲು ಆರು ಅಂಶಗಳನ್ನು ಹೇಳಿ, ಪ್ರತಿಯೊಂದಕ್ಕೂ ತೂಕ ಕೊಟ್ಟಿದ್ದಾರೆ. ಭಾವಕ್ಕೆ ನೂರಕ್ಕೆ 51, ಕಥೆಗೆ 23, ಲಯಕ್ಕೆ 10, ನೋಡುವವನ ಕಣ್ಣು ಪರದೆಯ ಮೇಲೆ ಎಲ್ಲಿದೆ ಎಂಬುದಕ್ಕೆ 7, ಪರದೆಯ ಚಪ್ಪಟೆ ಚೌಕಟ್ಟಿನ ಹೊಂದಾಣಿಕೆಗೆ 5. ಕೋಣೆಯಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬ ಸ್ಥಳದ ಕಂಟಿನ್ಯುಟಿಗೆ ಕೊನೆಯ 4. ನಾವು ಜಗಲಿಯಲ್ಲಿ ಗಂಟೆಗಟ್ಟಲೆ ಜಗ್ಗಾಡುವುದು ಬಹುಪಾಲು ಆ ಕೊನೆಯ ನಾಲ್ಕಕ್ಕಾಗಿ. ನಮ್ಮಲ್ಲಿರುವ ನಿವೃತ್ತ ಗಣಿತದ ಮೇಷ್ಟ್ರು ಈ ಲೆಕ್ಕ ಕೇಳಿದ ದಿನ ಇಡೀ ಸಂಜೆ ಮಾತಾಡಲಿಲ್ಲ.

ಎಲ್ಲರಿಗೂ ಕಾಣುವ ತಪ್ಪು ನನಗೆ ಕಾಣುವುದಿಲ್ಲ. ನನ್ನ ಗಮನ ಕಡಿಮೆಯೇ?

ಇಲ್ಲ, ನೀವು ಸಿನಿಮಾವನ್ನು ಸರಿಯಾಗಿ ನೋಡುತ್ತಿದ್ದೀರಿ ಎಂದು ಅರ್ಥ. ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ ಎಂಬ ಮನೋವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗಕ್ಕಾಗಿ, ಇಬ್ಬರು ಹೆಂಗಸರು ಮೇಜಿನ ಮುಂದೆ ಕೂತು ಮಾತಾಡುವ ಸಣ್ಣ ಚಿತ್ರವನ್ನು ಬೇಕೆಂದೇ ತಪ್ಪುಗಳೊಡನೆ ತೆಗೆದರು. ಕೊರಳಿನ ಸ್ಕಾರ್ಫ್ ಇದ್ದದ್ದು ಮಾಯವಾಗುತ್ತದೆ, ತಟ್ಟೆಯ ಬಣ್ಣ ಬದಲಾಗುತ್ತದೆ. ನೋಡಿದವರಲ್ಲಿ ಬಹುತೇಕ ಯಾರಿಗೂ ಅದು ಕಾಣಲಿಲ್ಲ. ಕಣ್ಣು ಮುಖವನ್ನು ಹಿಂಬಾಲಿಸುತ್ತದೆ, ತಟ್ಟೆಯನ್ನಲ್ಲ. ತಟ್ಟೆ ಕಾಣುವುದು ಎರಡನೆಯ ಸಲ ನೋಡುವಾಗ, ಅಥವಾ ಸಿನಿಮಾ ಬೇಸರ ಹಿಡಿಸಿದಾಗ. ಯಾವುದೇ ಚಿತ್ರದಲ್ಲಿ ನನಗೆ ಮೊದಲ ನೋಟದಲ್ಲೇ ಹತ್ತು ಕಂಟಿನ್ಯುಟಿ ತಪ್ಪು ಕಂಡರೆ, ಅದರ ನಿಜವಾದ ರೋಗ ಬೇರೆ ಎಲ್ಲೋ ಇದೆ ಎಂದು ತಿಳಿಯುತ್ತೇನೆ.

ಕಾಫಿ ಕಪ್, ನೀರಿನ ಕ್ಯಾನ್‌ಗಳಿಗೆ ಏನು ಹೇಳುತ್ತೀರಿ?

ಏನು ಹೇಳುವುದು, ತಪ್ಪು ತಪ್ಪೇ. 2019ರ ಮೇ ತಿಂಗಳಲ್ಲಿ ಗೇಮ್ ಆಫ್ ಥ್ರೋನ್ಸ್‌ನ ಕೊನೆಯ ಸರಣಿಯ ನಾಲ್ಕನೆಯ ಕಂತಿನಲ್ಲಿ ರಾಣಿಯ ಮುಂದಿನ ಮೇಜಿನ ಮೇಲೆ ಇಂದಿನ ಕಾಫಿ ಕಪ್ ಕೂತಿತ್ತು. 2025ರಲ್ಲಿ ನಮ್ಮವರದೇ ಕಾಂತಾರ ಅಧ್ಯಾಯ 1ರಲ್ಲಿ, ಕದಂಬರ ಕಾಲದ ಊಟದ ಪಂಕ್ತಿಯ ಹತ್ತಿರ ಪ್ಲಾಸ್ಟಿಕ್ಕಿನ ನೀರಿನ ಕ್ಯಾನ್ ಇದೆ ಎಂದು ಜನ ಹಾಡನ್ನು ನಿಲ್ಲಿಸಿ ತೋರಿಸಿದರು. ನಮ್ಮ ಊರಿನ ಯಾವ ಮದುವೆ ಊಟದ ಫೋಟೋದಲ್ಲಿ ಆ ಕ್ಯಾನ್ ಇಲ್ಲ ಹೇಳಿ? ನಮ್ಮ ಕಣ್ಣಿಗೆ ಅದು ಅಷ್ಟು ಸಹಜ. ಸೆಟ್ಟಿನಲ್ಲಿದ್ದವರ ಕಣ್ಣಿಗೂ ಹಾಗೆಯೇ ಆಗಿರಬೇಕು.

ಇಲ್ಲಿ ಇನ್ನೊಂದು ತಮಾಷೆಯಿದೆ. ಆ ಕಪ್ಪನ್ನು ಜಗತ್ತೆಲ್ಲ ಸ್ಟಾರ್‌ಬಕ್ಸ್ ಕಪ್ ಎಂದಿತು. ಅದು ಸ್ಟಾರ್‌ಬಕ್ಸ್‌ನದು ಆಗಿರಲಿಲ್ಲ, ಶೂಟಿಂಗ್ ತಂಡಕ್ಕೆ ಕೊಡುವ ಸಾಮಾನ್ಯ ಕಪ್ ಆಗಿತ್ತು. ತಪ್ಪು ಹಿಡಿದವರು ಹಿಡಿಯುವಾಗಲೇ ಒಂದು ತಪ್ಪು ಮಾಡಿದ್ದರು. ಜಗಲಿಯಲ್ಲಿ ಆರೋಪ ಮಾಡುವವರು ದೃಶ್ಯವನ್ನು ಮತ್ತೆ ಹಾಕಿ ತೋರಿಸಲೇಬೇಕು ಎಂಬ ನಿಯಮ ಬಂದದ್ದು ಇಂಥದ್ದಕ್ಕೆ.

ಆಮೇಲೆ ಅಳಿಸಿಬಿಟ್ಟರೆ ತಪ್ಪು ಇರಲಿಲ್ಲ ಎಂದಾಗುತ್ತದೆಯೇ?

ನಮ್ಮ ಲೆಕ್ಕದಲ್ಲಿ ಇಲ್ಲ. ಆ ಕಪ್ಪನ್ನು ಕೆಲವೇ ದಿನಗಳಲ್ಲಿ ಅಳಿಸಿದರು. ಟೈಟಾನಿಕ್‌ನಲ್ಲಿ ನಾಯಕಿ ನೋಡುವ ಆಕಾಶದ ನಕ್ಷತ್ರಗಳು ಆ ರಾತ್ರಿಯವಲ್ಲ ಎಂದು ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಬೆನ್ನು ಹತ್ತಿದ್ದಕ್ಕೆ, ಜೇಮ್ಸ್ ಕ್ಯಾಮರೂನ್ 2012ರ ಮರುಬಿಡುಗಡೆಯಲ್ಲಿ ಆಕಾಶವನ್ನೇ ಬದಲಾಯಿಸಿದರು. ಆದರೆ ಅದೇ ಚಿತ್ರದಲ್ಲಿ ನಾಯಕ ತಾನು ಚಿಕ್ಕವನಿದ್ದಾಗ ವಿಸ್ಸೋಟಾ ಕೆರೆಯಲ್ಲಿ ಮೀನು ಹಿಡಿದೆ ಎನ್ನುತ್ತಾನೆ. ಹಡಗು ಮುಳುಗಿದ್ದು 1912ರಲ್ಲಿ. ಅಣೆಕಟ್ಟು ಕಟ್ಟಿ ಆ ಕೆರೆ ಆದದ್ದು 1917ರಲ್ಲಿ. ಆ ಮಾತು ಹಾಗೆಯೇ ಉಳಿದಿದೆ. ಆಕಾಶ ತಿದ್ದುವುದು ಕೆರೆ ತಿದ್ದುವುದಕ್ಕಿಂತ ಸುಲಭ ಎಂದು ಕಾಣುತ್ತದೆ.

ನಮ್ಮ ಕರಾವಳಿಯ ಕಥೆಗಳಲ್ಲಿ ನೀವು ವಿಶೇಷವಾಗಿ ಗಮನಿಸುವುದು ಏನು?

ಇದಕ್ಕೆ ನಾನು ದೀರ್ಘವಾಗಿಯೇ ಉತ್ತರಿಸುವವನು. ಸಿನಿಮಾದವರು ಎಡವುವುದೂ, ನಾವು ಆತುರಪಟ್ಟು ಎಡವುವುದೂ ಇಲ್ಲಿಯೇ ಹೆಚ್ಚು.

ಸೂರ್ಯನಿಂದ ಶುರು ಮಾಡೋಣ. ನಮ್ಮ ಸೂರ್ಯ ಕಡಲಿನಲ್ಲಿ ಮುಳುಗುತ್ತಾನೆ, ಕಡಲಿನಿಂದ ಏಳುವುದಿಲ್ಲ. ಆದರೂ ಮಲ್ಪೆಯದೋ ಪಣಂಬೂರಿನದೋ ಸೂರ್ಯಾಸ್ತವನ್ನು ತೆಗೆದು, ಹಿನ್ನೆಲೆಯಲ್ಲಿ ಸುಪ್ರಭಾತ ಹಾಕಿ ಬೆಳಗು ಮಾಡುವವರಿದ್ದಾರೆ. ನಾನು ಇದನ್ನು ಖಚಿತವಾದ ತಪ್ಪು ಎಂದು ಒಮ್ಮೆ ಘೋಷಿಸಿದೆ. ನಮ್ಮಲ್ಲಿ ಬೋಟಿನ ಮಾಲೀಕರೊಬ್ಬರು ಇದ್ದಾರೆ. ಅವರು ಮೆಲ್ಲಗೆ ‘ಸೇಂಟ್ ಮೇರೀಸ್ ದ್ವೀಪದ ಮೂಡು ದಂಡೆಯಲ್ಲಿ ನಿಂತರೆ?’ ಎಂದು ಕೇಳಿದರು. ನಿಜ. ಅಲ್ಲಿ ನಿಂತವನಿಗೆ ನೀರಿನ ಆಚೆ, ದೂರದ ದಡದ ಮೇಲಿನಿಂದಲೇ ಸೂರ್ಯ ಬರುತ್ತಾನೆ. ಆ ಚಿತ್ರದ ದೃಶ್ಯ ದ್ವೀಪದಲ್ಲಿ ನಡೆದಿರಲಿಲ್ಲ, ಆದ್ದರಿಂದ ನಾನು ಗೆದ್ದೆ. ಗೆದ್ದ ರೀತಿ ಮಾತ್ರ ಮರ್ಯಾದೆಯದ್ದಾಗಿರಲಿಲ್ಲ.

ಮಳೆಗಾಲದ ಕಡಲೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಇಂದಿನ ಕಥೆಯಲ್ಲಿ ಜುಲೈ ತಿಂಗಳ ಜಡಿಮಳೆಯಲ್ಲಿ ಟ್ರಾಲ್ ಬೋಟು ಮೀನಿಗೆ ಹೊರಟರೆ ಅದು ತಪ್ಪು, ಅಥವಾ ಅದರ ಮಾಲೀಕ ಕಾನೂನು ಮುರಿಯುತ್ತಿದ್ದಾನೆ. ಎರಡನೆಯದಾದರೆ ಕಥೆ ಅದನ್ನು ಹೇಳಬೇಕು. ಆದರೆ ನಾಡದೋಣಿ ಹೊರಟರೆ ತಪ್ಪಲ್ಲ. ‘ಮಳೆಗಾಲದಲ್ಲಿ ಮೀನುಗಾರಿಕೆಯೇ ಇಲ್ಲವಲ್ಲ’ ಎಂದು ಬೆಂಗಳೂರಿನ ಸ್ನೇಹಿತರೊಬ್ಬರು ಎದ್ದು ನಿಂತಾಗ ಅವರನ್ನು ಕೂರಿಸಿದ್ದು ಇದೇ ವಿಷಯಕ್ಕೆ.

ಇನ್ನು ಯಕ್ಷಗಾನದ ಆಟ, ದೈವಗಳ ಕೋಲ ಇವುಗಳ ಋತು. ಮೇ ಕೊನೆಯ ಹೊತ್ತಿಗೆ ಆ ಋತು ಮುಗಿಯುವ ದಿನ ಪತ್ತನಾಜೆ ಬರುತ್ತದೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜುಲೈಯಲ್ಲಿ ಗದ್ದೆಯ ನಡುವೆ ಬಯಲಾಟ ತೋರಿಸಿದರೆ ನೋಡುವವರು ನಗುತ್ತಾರೆ. ಒಳಾಂಗಣದಲ್ಲಿ ತಾಳಮದ್ದಲೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ತೋರಿಸಿದರೆ ಸರಿ. ಹುಲಿವೇಷ ಉಡುಪಿಯಲ್ಲಿ ಅಷ್ಟಮಿಗೆ, ಮಂಗಳೂರಿನಲ್ಲಿ ದಸರಾಕ್ಕೆ. ಉಡುಪಿ ಕೃಷ್ಣನ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು, ನಮ್ಮ ಕಾಲದಲ್ಲಿ ಸಮಸಂಖ್ಯೆಯ ವರ್ಷಗಳಲ್ಲಿ. ಕಥೆ 2023ರದಾದರೆ ಪರ್ಯಾಯದ ಮೆರವಣಿಗೆ ಇರುವಂತಿಲ್ಲ. ಯಕ್ಷಗಾನದ ತೆಂಕುತಿಟ್ಟಿನ ಹಿಮ್ಮೇಳಕ್ಕೆ ಬಡಗುತಿಟ್ಟಿನ ಮುಂಡಾಸು ಕಟ್ಟಿದ ವೇಷ ಕುಣಿದರೆ, ತಾಳಮದ್ದಲೆಯಲ್ಲಿ ಪಾತ್ರದ ಮಾತು ಹೇಳುವ ನಮ್ಮ ಅರ್ಥಧಾರಿ ಮಿತ್ರರು ಸಿನಿಮಾ ನಿಲ್ಲಿಸಿ ಎಂದೇ ಹೇಳುತ್ತಾರೆ. ನಾವು ನಿಲ್ಲಿಸುವುದಿಲ್ಲ.

ವಸ್ತುಗಳಲ್ಲಿ ಮನೆಯ ಹಂಚು ನನ್ನ ಅಚ್ಚುಮೆಚ್ಚಿನದು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. 1837ರ ರೈತರ ಬಂಡಾಯದ ಕಥೆಯಲ್ಲಿ ಗುತ್ತಿನ ಮನೆಯ ಮಾಡಿನ ಮೇಲೆ ಸಾಲಾಗಿ ಮಂಗಳೂರು ಹಂಚು ಹೊಳೆದರೆ ಅದು ಕಾಲದ ತಪ್ಪು. ಮುಳಿಹುಲ್ಲಿನ ಮಾಡು ಇರಬೇಕಿತ್ತು, ಇಲ್ಲವೇ ಕೈಹಂಚು. 1975ರ ಬಸ್ಸಿಗೆ ‘ಕೆಎ 19’ ಎಂಬ ಫಲಕವಿದ್ದರೆ ತಪ್ಪು, ಈಗಿನ ನೋಂದಣಿ ಪದ್ಧತಿ ಬಂದದ್ದು 1988ರ ಮೋಟಾರು ವಾಹನ ಕಾಯ್ದೆಯ ನಂತರ. 1990ರ ಅಂಗಡಿಯ ಬೋರ್ಡಿನಲ್ಲಿ ರೂಪಾಯಿಯ ಈಗಿನ ಚಿಹ್ನೆ ಇದ್ದರೂ ತಪ್ಪು, ಅದು 2010ರದು. 1985ರಲ್ಲಿ ನಾಯಕಿ ಉಡುಪಿ ಸ್ಟೇಷನ್ನಿನಲ್ಲಿ ರೈಲಿಗೆ ಕಾದರೆ ಪಾಪ, ಅವಳು ವರ್ಷಗಟ್ಟಲೆ ಕಾಯಬೇಕು. ಕೊಂಕಣ ರೈಲ್ವೆ ಬಂದದ್ದು ತೊಂಬತ್ತರ ದಶಕದಲ್ಲಿ.

ಭಾಷೆಯ ವಿಷಯ ಎತ್ತಿದರೆ ಬೆಳಗಾಗುತ್ತದೆ. ಒಂದು ಮಾತು ಮಾತ್ರ: ಕುಂದಾಪುರದಲ್ಲಿ ಹುಟ್ಟಿ ಬೆಳೆದ ಪಾತ್ರ ಪ್ರತಿ ವಾಕ್ಯಕ್ಕೂ ಮಂಗಳೂರು ಕಡೆಯ ‘ಎಂತ ಮಾರಾಯ್ರೆ’ ಎನ್ನುತ್ತಿದ್ದರೆ, ಬರೆದವರು ಸೇತುವೆ ದಾಟಿ ಬಂದಿಲ್ಲ ಎಂದು ಅರ್ಥ.

ಒಂದೇ ಘಟನೆ ಎರಡು ಕಡೆ ಎರಡು ರೀತಿ ಕಾಣಿಸಿದರೆ ತಪ್ಪಲ್ಲವೇ?

ಯಾರು ಹೇಳುತ್ತಿದ್ದಾರೆ ಎಂದು ಮೊದಲು ನೋಡಿ. ಜಪಾನಿನ ನಿರ್ದೇಶಕ ಕುರೊಸಾವಾ 1950ರಲ್ಲಿ ರಾಶೋಮನ್ ತೆಗೆದಾಗಿನಿಂದ ಇದು ಹಳೆಯ ಹತಾರ. 2014ರ ‘ಉಳಿದವರು ಕಂಡಂತೆ’ ನಮ್ಮ ಮಲ್ಪೆಯನ್ನೇ ಇಟ್ಟುಕೊಂಡು ಹಾಗೆ ಮಾಡಿತು, ಹೆಸರಿನಲ್ಲೇ ಉತ್ತರವಿದೆ. ಕಂಡವರು ಬೇರೆಯಾದರೆ ಕಂಡದ್ದೂ ಬೇರೆ. ಒಬ್ಬನೇ ಹೇಳುವ ಕಥೆಯಲ್ಲಿ ಹೀಗಾದರೆ ಮಾತ್ರ ಜಗಲಿಗೆ ತನ್ನಿ.

ಪ್ರಸಿದ್ಧ ತಪ್ಪುಗಳ ಪಟ್ಟಿಯನ್ನು ನಂಬಬಹುದೇ?

ನಂಬಬೇಡಿ, ಸಿನಿಮಾ ನೋಡಿ. ಆರ್ಸನ್ ವೆಲ್ಸ್‌ನ ಸಿಟಿಜನ್ ಕೇನ್ ಬಗ್ಗೆ ಎಂಬತ್ತು ವರ್ಷಗಳಿಂದ ತಿರುಗುತ್ತಿರುವ ಆರೋಪವೊಂದಿದೆ. ಕೇನ್ ಸಾಯುವಾಗ ‘ರೋಸ್‌ಬಡ್’ ಎಂದು ಪಿಸುಗುಟ್ಟುತ್ತಾನೆ, ಕೈಯ ಗಾಜಿನ ಗೋಳ ಬಿದ್ದು ಒಡೆಯುತ್ತದೆ, ಆಮೇಲೆ ನರ್ಸ್ ಬಾಗಿಲು ತೆರೆದು ಬರುತ್ತಾಳೆ. ಕೋಣೆಯಲ್ಲಿ ಯಾರೂ ಇರಲಿಲ್ಲವಲ್ಲ, ಆ ಮಾತನ್ನು ಕೇಳಿಸಿಕೊಂಡವರು ಯಾರು? ಇಡೀ ಚಿತ್ರ ಆ ಒಂದು ಶಬ್ದದ ಬೆನ್ನು ಹತ್ತಿ ನಡೆಯುವುದರಿಂದ ಇದು ಅಡಿಪಾಯದ ಬಿರುಕು ಎಂದು ಹೇಳುತ್ತಾರೆ. ನಾನೂ ಹತ್ತು ವರ್ಷ ಹಾಗೆಯೇ ಹೇಳಿಕೊಂಡು ತಿರುಗಿದೆ. ಚಿತ್ರದ ಕೊನೆಯ ಭಾಗದಲ್ಲಿ ಮನೆಯ ಬಟ್ಲರ್ ರೇಮಂಡ್ ವರದಿಗಾರನಿಗೆ, ಆತ ಆ ಶಬ್ದ ಹೇಳಿದ, ಗೋಳ ಬಿದ್ದು ಒಡೆಯಿತು, ಆಗ ಸತ್ತನೆಂದು ತಿಳಿದೆ ಎಂದು ಹೇಳುತ್ತಾನೆ. ಮೊದಲ ದೃಶ್ಯದಲ್ಲಿ ಕ್ಯಾಮೆರಾ ಕೋಣೆಯನ್ನು ಪೂರ್ತಿ ತೋರಿಸುವುದೇ ಇಲ್ಲ. ಯಾರೂ ಇರಲಿಲ್ಲ ಎನ್ನುವುದು ನಮ್ಮ ಊಹೆ. ಈ ರೇಮಂಡ್ ತನ್ನ ಮಾಹಿತಿಗೆ ಹಣ ಕೇಳುವ ಆಸಾಮಿ, ಅವನು ಸುಳ್ಳು ಹೇಳುತ್ತಿರಬಹುದು ಎಂದು ಬೇಕಾದರೆ ವಾದಿಸಿ. ಆದರೆ ಅದು ಪಾತ್ರದ ಮೇಲಿನ ವಾದವಾಯಿತೇ ಹೊರತು ಕಥೆಯ ತೂತಲ್ಲ.

ಪಾತ್ರ ಮೂರ್ಖನಂತೆ ನಡೆದುಕೊಂಡರೆ? ‘ಪೊಲೀಸರಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು’ ಎನ್ನುವಂಥದ್ದು?

ಧರ್ಮರಾಯ ಎರಡನೆಯ ಸಲ ಜೂಜಿಗೆ ಹೋದದ್ದನ್ನು ನೆನಪಿಸಿಕೊಳ್ಳಿ. ಒಮ್ಮೆ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಸೋತು, ಧೃತರಾಷ್ಟ್ರನ ಕೃಪೆಯಿಂದ ಮರಳಿ ಪಡೆದು, ಇಂದ್ರಪ್ರಸ್ಥದ ದಾರಿ ಹಿಡಿದಿದ್ದವನು ಕರೆದ ಕೂಡಲೇ ತಿರುಗಿ ಬಂದು ಮತ್ತೆ ದಾಳ ಹಿಡಿದ. ಇಂದಿನ ಸಿನಿಮಾದಲ್ಲಿ ಹೀಗಾದರೆ ಮಧ್ಯಂತರದಲ್ಲೇ ಜನ ಎದ್ದು ಹೋಗುತ್ತಿದ್ದರು. ನಾವು ಅದನ್ನು ಕಥೆಯ ತೂತು ಎನ್ನುವುದಿಲ್ಲ, ಧರ್ಮರಾಯ ಎನ್ನುತ್ತೇವೆ. ದಂಡಿಯೂ ಇದಕ್ಕೆ ಕಿಟಕಿ ಬಿಟ್ಟಿದ್ದಾನೆ: ಭಾವಾವೇಶದಲ್ಲಿರುವ ಮನಸ್ಸಿನ ಮಾತು ಪರಸ್ಪರ ವಿರುದ್ಧವಾಗಿದ್ದರೂ ಒಪ್ಪತಕ್ಕದ್ದೇ ಎನ್ನುತ್ತಾನೆ.

ಎಲ್ಲ ಮೂರ್ಖತನವನ್ನೂ ಹೀಗೆ ಮನ್ನಿಸಲು ಬರುವುದಿಲ್ಲ. ಆ ಮನುಷ್ಯ ಹಾಗೆ ಮಾಡುವವನೇ ಎಂದು ಕಥೆ ನಮಗೆ ಮೊದಲೇ ತೋರಿಸಿರಬೇಕು. ಮೊದಲ ಒಂದೂವರೆ ಗಂಟೆ ಚಾಣಾಕ್ಷನಾಗಿದ್ದ ವಕೀಲ, ಕ್ಲೈಮ್ಯಾಕ್ಸ್ ಬೇಕೆಂಬ ಒಂದೇ ಕಾರಣಕ್ಕೆ ಸಾಕ್ಷಿಯ ಮೊಬೈಲನ್ನು ಖಳನ ಮೇಜಿನ ಮೇಲೆ ಬಿಟ್ಟು ಹೋದರೆ, ಅದನ್ನು ಮಾಡಿಸಿದ್ದು ಅವನ ಸ್ವಭಾವವಲ್ಲ, ಚಿತ್ರಕಥೆ ಬರೆದವರ ಅವಸರ.

ನಿರ್ದೇಶಕ ಹಿಚ್‌ಕಾಕ್ ಇದಕ್ಕೆ ಬೇರೊಂದು ಅಳತೆ ಇಟ್ಟುಕೊಂಡಿದ್ದ. ಸಿನಿಮಾ ಮುಗಿಸಿ ಮನೆಗೆ ಹೋಗಿ, ಐಸ್‌ಬಾಕ್ಸಿನಿಂದ ತಣ್ಣನೆಯ ಕೋಳಿಮಾಂಸ ತೆಗೆಯುವಾಗ ‘ಅರೆ, ಅದು ಹೇಗೆ?’ ಎಂದು ಹೊಳೆಯುವ ಸಂದೇಹಗಳ ಬಗ್ಗೆ ಅವನಿಗೆ ಚಿಂತೆ ಇರಲಿಲ್ಲ. ಮನೆಗೆ ತಲುಪುವವರೆಗೆ ಹೊಳೆಯದಿದ್ದರೆ ಅವನ ಕೆಲಸ ಆಯಿತು. ಆದರೆ ಅವನದೇ ನಾರ್ತ್ ಬೈ ನಾರ್ತ್‌ವೆಸ್ಟ್‌ನಲ್ಲಿ, ಉಪಾಹಾರ ಗೃಹದ ದೃಶ್ಯದಲ್ಲಿ, ಗುಂಡು ಹಾರುವುದಕ್ಕೆ ಮೊದಲೇ ಹಿಂದಿನ ಮೇಜಿನ ಹುಡುಗ ಕಿವಿ ಮುಚ್ಚಿಕೊಳ್ಳುತ್ತಾನೆ. ಎಷ್ಟು ಸಲ ಟೇಕ್ ಆಗಿತ್ತೋ, ಪಾಪದ ಮಗುವಿಗೆ ಗುಂಡಿನ ಸಮಯ ಬಾಯಿಪಾಠವಾಗಿತ್ತು. ಅದು ಐಸ್‌ಬಾಕ್ಸಿನವರೆಗೆ ಕಾಯುವುದಿಲ್ಲ. ಒಮ್ಮೆ ಕಂಡರೆ ಮತ್ತೆ ನಾಯಕ ನಾಯಕಿಯರು ಕಾಣುವುದೇ ಇಲ್ಲ.

ದೈವ, ಮಾಯೆ, ಮಂತ್ರ ಇರುವ ಕಥೆಯಲ್ಲಿ ಲಾಜಿಕ್ ಕೇಳುವುದೇ ತಪ್ಪಲ್ಲವೇ?

ಅಲ್ಲಿಯೇ ಹೆಚ್ಚು ಕೇಳಬೇಕು. ಯಕ್ಷಗಾನದಲ್ಲಿ ‘ರಥ’ ಎಂದು ಕರೆಯುವ ಒಂದು ಮರದ ಪೀಠ ಸಿಂಹಾಸನವೂ ಆಗುತ್ತದೆ, ರಥವೂ ಆಗುತ್ತದೆ; ಒಬ್ಬರೂ ತಕರಾರು ತೆಗೆಯುವುದಿಲ್ಲ. ಆದರೆ ಯಾವ ಆಯುಧದಿಂದಲೂ ಸಾಯೆನೆಂದು ವರ ಪಡೆದವನು ಮುಂದಿನ ಪದ್ಯದಲ್ಲಿ ಸಾದಾ ಬಾಣಕ್ಕೆ ಬಿದ್ದರೆ, ವೇಷ ಕಟ್ಟುವ ಚೌಕಿಯಲ್ಲಿರುವ ಅಡುಗೆಯವನೂ ಕೇಳುತ್ತಾನೆ. ಹಿರಣ್ಯಕಶಿಪುವಿನ ಕಥೆ ಇಷ್ಟು ಕಾಲ ನಿಂತದ್ದು ಆ ಹೊಸ್ತಿಲಿನ ಬಲದಿಂದ: ಒಳಗೂ ಅಲ್ಲ, ಹೊರಗೂ ಅಲ್ಲ, ಹಗಲೂ ಅಲ್ಲ, ಇರುಳೂ ಅಲ್ಲ. ಕಥೆ ತಾನೇ ಹಾಕಿದ ಷರತ್ತನ್ನು ತಾನೇ ಒಂದೊಂದಾಗಿ ಬಿಡಿಸಿತು.

ನಿಮ್ಮ ವಾದಕ್ಕೆ ನಿಯಮಗಳಿವೆಯೇ?

ಇವೆ, ಮತ್ತು ಅವು ನಮ್ಮವಲ್ಲ, ತಾಳಮದ್ದಲೆಯವು. ವೇಷವಿಲ್ಲ, ಕುಣಿತವಿಲ್ಲ, ಭಾ‌ಗವತರು ಪದ್ಯ ಹೇಳುತ್ತಾರೆ, ಕೂತವರು ಅರ್ಥ ಹೇಳುತ್ತಾರೆ. ‘ವಾಲಿವಧೆ’ಯನ್ನೇ ತೆಗೆದುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೆ ನಾನೇನು ಮಾಡಿದ್ದೆ? ಇನ್ನೊಬ್ಬನೊಡನೆ ಹೋರಾಡುತ್ತಿದ್ದವನಿಗೆ ಮರೆಯಿಂದ ಏಕೆ ಹೊಡೆದೆ? ವಾಲ್ಮೀಕಿಯ ರಾಮ ಕೊಡುವ ಉತ್ತರಗಳಲ್ಲಿ ಎರಡು ಹೀಗಿವೆ: ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದಕ್ಕೆ ಶಿಕ್ಷೆ, ಮತ್ತು ನೀನು ಶಾಖಾಮೃಗ, ಬೇಟೆಗೆ ಮರೆ ತಪ್ಪಲ್ಲ. ನಮ್ಮ ಅರ್ಥಧಾರಿಗಳ ವಾಲಿ ಇಲ್ಲಿಯೇ ಪಟ್ಟು ಹಾಕುತ್ತಾನೆ. ಮೃಗವಾದರೆ ನನಗೆ ಮನುಷ್ಯರ ಧರ್ಮ ಎಲ್ಲಿಂದ ಬಂತು? ಧರ್ಮಕ್ಕೆ ಒಳಪಟ್ಟವನಾದರೆ ಮರೆ ಏಕೆ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಇಂದಿಗೂ ಆ ಕೂಟಗಳ ಮಾತೆತ್ತಿದರೆ ನೆಟ್ಟಗೆ ಕೂರುತ್ತಾರೆ. ಅಲ್ಲಿ ರಾಮನ ಅರ್ಥಧಾರಿ ‘ಕವಿ ಹಾಗೆ ಬರೆದುಬಿಟ್ಟ, ಬಿಡು’ ಎಂದು ಹೇಳುವಂತಿಲ್ಲ. ಪ್ರಸಂಗದ ಒಳಗಿನಿಂದಲೇ ಉತ್ತರ ಹುಡುಕಬೇಕು. ಬಿರುಕು ಕಂಡ ಜಾಗವೇ ಅವನಿಗೆ ಕೃಷಿಯ ಜಾಗ.

ಅಲ್ಲಿಂದ ಎರಡನ್ನು ಎತ್ತಿಕೊಂಡಿದ್ದೇವೆ. ಒಂದು, ತಪ್ಪು ಹೇಳುವವರು ಮೊದಲು ಐದು ನಿಮಿಷ ಅದು ತಪ್ಪಲ್ಲ ಎಂದು ವಾದಿಸಬೇಕು, ಮನಸಾರೆ. ಎದುರಾಳಿಯ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಖಂಡಿಸುವ ರೂಢಿ ಈ ಮಠಗಳ ಊರಿಗೆ ಹೊಸದಲ್ಲ. ಅರ್ಧಕ್ಕರ್ಧ ಆರೋಪಗಳು ಈ ಐದು ನಿಮಿಷದಲ್ಲೇ ಬಿದ್ದುಹೋಗುತ್ತವೆ. ಇನ್ನೊಂದು, ಸಮರ್ಥನೆ ಸಿನಿಮಾದ ಒಳಗಿನಿಂದ ಬರಬೇಕು. ‘ಬಹುಶಃ ಆ ನಡುವೆ ಅವನು ಬೈಕ್ ಕೊಂಡಿರಬಹುದು’ ಎಂಬಂಥ ಹೊರಗಿನ ಸಾಮಾನು ಒಂದನ್ನು ಬಿಡುತ್ತೇವೆ. ಎರಡನೆಯದು ಬೇಕಾಯಿತು ಎಂದರೆ ಸಿನಿಮಾ ಸೋತಿತು.

ನಿರ್ದೇಶಕರೇ ಸಂದರ್ಶನದಲ್ಲಿ ವಿವರಿಸಿದ್ದರೆ?

ಅದು ಹೊರಗಿನ ಸಾಮಾನು.

ಬೇಕೆಂದೇ ತಪ್ಪು ಮಾಡಿದ್ದರೆ?

ನಿರ್ದೇಶಕ ಕುಬ್ರಿಕ್‌ನ ದ ಶೈನಿಂಗ್‌ನಲ್ಲಿ ಟೈಪ್ ಮಾಡುತ್ತಿರುವ ನಾಯಕನ ಹಿಂದಿದ್ದ ಕುರ್ಚಿ ಒಂದು ಶಾಟಿನಲ್ಲಿ ಮಾಯವಾಗಿ ಮತ್ತೊಂದರಲ್ಲಿ ಮರಳುತ್ತದೆ. ಬೇರೆಯವರ ಚಿತ್ರವಾಗಿದ್ದರೆ ಎಡವಟ್ಟು ಎನ್ನುತ್ತಿದ್ದರು. ಕುಬ್ರಿಕ್ ಆದ್ದರಿಂದ ‘ಹೋಟೆಲಿಗೆ ಭೂತ ಹಿಡಿದಿರುವುದರ ಸೂಚನೆ’ ಎನ್ನುತ್ತಾರೆ. ನನಗೆ ಈ ಭಕ್ತಿ ಹಿಡಿಸುವುದಿಲ್ಲ. ಆದರೆ ವಾದವನ್ನು ಪೂರ್ತಿ ತಳ್ಳಿಹಾಕಲೂ ಆಗದು. ವಿರೋಧ ಎಂಬ ದೋಷವೇ ಕೆಲವೊಮ್ಮೆ ಕವಿಯ ಕೌಶಲದಿಂದ ದೋಷದ ಲೆಕ್ಕ ದಾಟಿ ಗುಣಗಳ ಬೀದಿಗೆ ಇಳಿಯುತ್ತದೆ ಎಂದವನೂ ಅದೇ ದಂಡಿ. ಅವನ ದಾರಿಯಲ್ಲಿ ನಡೆದ ನಮ್ಮ ಕವಿರಾಜಮಾರ್ಗದ ಮೊದಲ ಪರಿಚ್ಛೇದದ ಹೆಸರಿನಲ್ಲೂ ದೋಷದ ಪಕ್ಕದಲ್ಲೇ ಅದೋಷ ಕೂತಿದೆ. ಕೌಶಲ ಎಂಬ ಮಾತನ್ನು ಮಾತ್ರ ಮರೆಯಬಾರದು. ಕುರ್ಚಿ ಮಾಯವಾದಾಗ ನಿಮಗೆ ಮೈ ಜುಮ್ಮೆಂದಿತೇ, ಅಥವಾ ಯಾರೋ ಹೇಳಿದ ಮೇಲೆ ಹಿಂದೆ ಹೋಗಿ ನೋಡಿದಿರಾ? ನಾನು ಎರಡನೆಯ ಗುಂಪಿನವನು.

ದೊಡ್ಡ ಸಾಹಿತ್ಯದಲ್ಲಿ ಇಂಥ ಎಡವಟ್ಟುಗಳಿಲ್ಲ, ಸಿನಿಮಾದಲ್ಲಿ ಮಾತ್ರ ಎನ್ನುತ್ತಾರಲ್ಲ?

ಹೋಮರನ ಇಲಿಯಡ್‌ನಲ್ಲಿ ಪೈಲಮೆನೀಸ್ ಎಂಬ ರಾಜ ಐದನೆಯ ಕಾಂಡದಲ್ಲಿ ಸಾಯುತ್ತಾನೆ, ಹದಿಮೂರನೆಯ ಕಾಂಡದಲ್ಲಿ ಸತ್ತ ಮಗನ ಹಿಂದೆ ಅಳುತ್ತಾ ನಡೆಯುತ್ತಾನೆ. ಷರ್ಲಾಕ್ ಹೋಮ್ಸ್‌ನ ಗೆಳೆಯ ವಾಟ್ಸನ್‌ನ ಗುಂಡೇಟು ಮೊದಲ ಕಾದಂಬರಿಯಲ್ಲಿ ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ. ನನ್ನ ಅತ್ತೆಯ ಬ್ಯಾಂಡೇಜಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇಡ. ಆದರೆ ಎಲ್ಲರಿಗಿಂತ ಚೆನ್ನಾಗಿ ತಪ್ಪೊಪ್ಪಿಕೊಂಡವನು ಸರ್ವಾಂಟೆಸ್. 1605ರ ಡಾನ್ ಕ್ವಿಕ್ಸೋಟ್‌ನಲ್ಲಿ ಸಾಂಚೋನ ಕತ್ತೆ ಕಳುವಾದದ್ದೂ ಸಿಕ್ಕಿದ್ದೂ ತಾಳೆಯಾಗಲಿಲ್ಲ, ಓದುಗರು ಹಿಡಿದರು. 1615ರ ಎರಡನೆಯ ಭಾಗದಲ್ಲಿ ಪಾತ್ರಗಳೇ ಕೂತು ಆ ಕತ್ತೆಯ ವಿಷಯ ಚರ್ಚಿಸುತ್ತವೆ. ಸಾಂಚೋನ ಉತ್ತರ: ಕಥೆ ಬರೆದವನು ತಪ್ಪಿರಬೇಕು, ಇಲ್ಲವೇ ಅಚ್ಚು ಹಾಕಿದವನ ಅಜಾಗರೂಕತೆ.

ಸಿನಿಮಾ ನಡೆಯುತ್ತಿರುವಾಗಲೇ ತಪ್ಪು ಹೇಳಬಹುದೇ?

ಇಲ್ಲ. ಹೇಳಿದವರು ಮುಂದಿನ ಶನಿವಾರದ ಗೋಳಿಬಜೆಯ ಖರ್ಚು ಕೊಡಬೇಕು. ಗಣಿತದ ಮೇಷ್ಟ್ರು ಈ ವರ್ಷ ನಾಲ್ಕು ಸಲ ಕೊಟ್ಟಿದ್ದಾರೆ.

ಧಾರಾವಾಹಿಗಳನ್ನು ಚರ್ಚೆಗೆ ತರಬಹುದೇ?

ತರಬೇಡಿ ಎಂದು ಬೇಡಿಕೊಳ್ಳುತ್ತೇನೆ. ದಿನಕ್ಕೊಂದು ಕಂತು, ಇವತ್ತು ತೆಗೆದದ್ದು ಕೆಲವೇ ದಿನಗಳಲ್ಲಿ ಪ್ರಸಾರ. ನಟಿ ಬಿಟ್ಟು ಹೋದರೆ ಮರುದಿನ ಅದೇ ಹೆಸರಿಗೆ ಬೇರೆ ಮುಖ, ಮನೆಯವರು ಯಾರೂ ಬೆಚ್ಚಿಬೀಳುವುದಿಲ್ಲ. ಅಲ್ಲಿ ತಪ್ಪು ಹುಡುಕುವುದು ಮಳೆಗಾಲದಲ್ಲಿ ಅಂಗಳದ ಹನಿ ಎಣಿಸಿದಂತೆ. ನನಗೆ ಸ್ವಂತ ಹಿತಾಸಕ್ತಿಯೂ ಇದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಜೋರು ಮಳೆ ಇದ್ದರೆ ಶನಿವಾರ ಇರುತ್ತದೆಯೇ?

ಇರುತ್ತದೆ. ಕರೆಂಟ್ ಹೋದರೆ ವಾಲಿವಧೆ; ಅರ್ಥಧಾರಿ ಮಿತ್ರರು ವಾಲಿ, ಮೇಷ್ಟ್ರು ರಾಮ. ಛತ್ರಿಯ ಮೇಲೆ ಹೆಸರು ಬರೆದುಕೊಂಡು ಬನ್ನಿ. ಕಳೆದ ಸಲ ಕಪ್ಪು ಛತ್ರಿ ತಂದವರು ಮೂವರು, ಕಪ್ಪು ಛತ್ರಿ ಒಯ್ದವರು ನಾಲ್ವರು.